ಬಚ್ಚಲ ಕಿಟಕಿ ಮುಚ್ಚಿದ ಚಳಿಗಾಲ

ಹೋದ ತಿಂಗಳು ಮಗಳಿಗೆ ಶಾಲೆಯ ಬೂಟು ಕೊಡಿಸಲು ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿಗೆ ಹೋಗಿದ್ದೆ. ಸಂಜೆ ದೀಪ ಹಚ್ಚುವ ಹೊತ್ತು. ಅತ್ತರು, ಊದುಬತ್ತಿ ಮಾರುವ ಅಂಗಡಿಯೊಂದರ ಮುಂದೆ ಒಬ್ಬರು ಕೆಂಡದ ಮೇಲೆ ಲೋಬಾನ ಉದುರಿಸಿ ಹೊಗೆಯನ್ನು ಅಂಗಡಿಯ ಮೂಲೆಮೂಲೆಗೂ ಆಡಿಸುತ್ತಿದ್ದರು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ನಾನು ನಡುರಸ್ತೆಯಲ್ಲಿ ನಿಂತುಬಿಟ್ಟೆ. ಹಿಂದಿದ್ದ ಆಟೋದವನು ಒಂದೇ ಸಮನೆ ಹಾರ್ನ್ ಬಾರಿಸತೊಡಗಿದ. "ಅವ್ವ, ನಡಿ ಮುಂದ, ಎಲ್ಲರೂ ಬೈಯಾಕತ್ಯಾರ" ಎಂದು ಮಗಳು ಕೈ ಜಗ್ಗಿದಳು. ನಾನು ಅವಳ ಮುಖವನ್ನೇ ನೋಡಿದೆ. ಉಬ್ಬಿದ ಗಲ್ಲ, ಮುಂದಿನ ಹಲ್ಲು ಬಿದ್ದ ಬಾಯಿ, ಎದ್ದಾಗಿನಿಂದ ಮಲಗುವ ತನಕ ಮುಗಿಯದ ಮಾತು. ಈ ಹುಡುಗಿ ಕೂಸಾಗಿದ್ದಾಗ ಒಂದು ಚಳಿಗಾಲದಲ್ಲಿ ಅಳುವುದನ್ನೇ ಬಿಟ್ಟಿದ್ದಳು. ಅದನ್ನು ನೋಡಿ ಮನೆಮಂದಿಯೆಲ್ಲ ಹಿಗ್ಗಿದ್ದೆವು.

ಅದು ಅವಳು ಹುಟ್ಟಿದ ವರ್ಷ. ನನ್ನ ಗಂಡನ ಮನೆ ಕಮಲಾಪುರ, ತವರು ಕಲಬುರಗಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ, ಬಂದಿದ್ದೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕೋಟನೂರ ಕಡೆ ಎದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ ಮನೆ ತೆಗೆದುಕೊಂಡಿದ್ದರು. ನಿವೃತ್ತ ಗಣಿತದ ಮಾಸ್ತರರೊಬ್ಬರು ಇರುವ ಕಟ್ಟಡದಲ್ಲಿ ಸಂಘಕ್ಕೆ ಕಾರ್ಯದರ್ಶಿ ಯಾರಾಗಬೇಕೆಂದು ಚುನಾವಣೆ ಮಾಡುವ ಪ್ರಸಂಗವೇ ಬರುವುದಿಲ್ಲ. ಅಪ್ಪ ಕಾರ್ಯದರ್ಶಿಯಾದರು. ಆಗಿ ಸುಮ್ಮನೆ ಕೂರುವ ಜಾತಿಯೂ ಅವರದಲ್ಲ.

ಕಲಬುರಗಿ ಎಂದರೆ ಬಿಸಿಲು ಎಂದುಕೊಂಡವರು ನಮ್ಮ ಸಂಕ್ರಾಂತಿಯ ಮುಂಜಾನೆಗಳನ್ನು ಕಂಡಿಲ್ಲ. ಆ ಚಳಿಗೆ ಕಟ್ಟಡದ ಎಲ್ಲ ಮನೆಗಳಲ್ಲೂ ಒಂದೇ ಹೊತ್ತಿಗೆ ಗೀಸರ್ ಹಾಕುತ್ತಿದ್ದರು. ಕೆಳಗೆ ಫ್ಯೂಸ್ ಹಾರುತ್ತಿತ್ತು, ಲಿಫ್ಟು ನಡುವೆ ನಿಲ್ಲುತ್ತಿತ್ತು, ಅರ್ಧ ಸೋಪು ಹಚ್ಚಿಕೊಂಡವರು ಬಚ್ಚಲಿನಿಂದಲೇ ಅಪ್ಪನ ಹೆಸರು ಹಿಡಿದು ಕೂಗುತ್ತಿದ್ದರು. ಅಪ್ಪ ಯೋಚಿಸಿ ಒಂದು ನಿಯಮ ತಂದರು. ಹಳೆಯ ಗೀಸರ್ ಇದ್ದವರು ಅದು ನಡೆಯುವಷ್ಟು ದಿನ ನಡೆಸಲಿ. ಕಾಯಿಲ್ ಸುಟ್ಟರೆ, ಥರ್ಮೋಸ್ಟ್ಯಾಟ್ ಕೆಟ್ಟರೆ ಹೊಸದು ಹಾಕಿಸಲಿ, ಅದು ರಿಪೇರಿ. ಟ್ಯಾಂಕೇ ಸೋರಿದರೆ ಮಾತ್ರ ಅದು ಬದಲಿ. ಬದಲಿ ಎಂದ ಮೇಲೆ ಕರೆಂಟು ಕಡಿಮೆ ತಿನ್ನುವ ಐದು ಸ್ಟಾರಿನದೇ ಬರಬೇಕು. ಅದರಲ್ಲಿ ನೀರು ಬೇಗ ಆರುವುದಿಲ್ಲ, ಹಿಂದಿನ ರಾತ್ರಿಯೇ ಕಾಯಿಸಿ ಬಿಟ್ಟರೆ ಬೆಳಿಗ್ಗೆ ಎಲ್ಲರೂ ಒಮ್ಮೆಲೇ ಗುಂಡಿ ಒತ್ತುವುದು ತಪ್ಪುತ್ತದೆ ಎಂಬುದು ಅವರ ಲೆಕ್ಕ. ಬಚ್ಚಲಿನಲ್ಲಿ ಜಾಗ ಸಾಲದವರು ಸಂಘಕ್ಕೆ ಅರ್ಜಿ ಕೊಟ್ಟು ವಿನಾಯಿತಿ ಕೇಳಬಹುದೆಂದೂ ಕೊನೆಗೊಂದು ಸಾಲು ಸೇರಿಸಿದ್ದರು.

ಮೊದಲ ಅರ್ಜಿ ಬಂದದ್ದು ಎದುರು ಮನೆಯ ಫರ್ಜಾನಾ ಖಾಲಾ ಅವರದು. ಆ ಐದು ಸ್ಟಾರಿನ ಗೀಸರಿಗೆ ಒಳಗೆ ದಪ್ಪನೆಯ ಹೊದಿಕೆ ಇರುವುದರಿಂದ ಹೊಟ್ಟೆ ದೊಡ್ಡದು. ತಮ್ಮ ಬಚ್ಚಲಿನಲ್ಲಿ ಅದು ಹಿಡಿಯುವುದಿಲ್ಲ, ಸಣ್ಣದು ಹಾಕಿಕೊಳ್ಳುತ್ತೇವೆ ಎಂದು ಖಾಲಾ ಕೇಳಿದರು. ಅಪ್ಪ ಟೇಪು ಹಿಡಿದು ತಾವೇ ಹೋಗಿ ಅಳೆದು, "ಎರಡು ಬೆರಳು ಜಾಗ ಉಳೀತದ್ರಿ, ಬರೋಬ್ಬರಿ ಕೂಡತದ" ಎಂದು ಅರ್ಜಿ ವಾಪಸು ಕೊಟ್ಟರು. ಗೀಸರ್ ಕೂತಿತು ನಿಜ. ಅವರ ಎತ್ತರದ ಮಗ ದಿನಾ ಸ್ನಾನಕ್ಕೆ ಹೋದಾಗ ಅದಕ್ಕೆ ತಲೆ ಬಡಿಸಿಕೊಳ್ಳುತ್ತಿದ್ದ. ಖಾಲಾ ಸಿಕ್ಕಾಗಲೆಲ್ಲ, "ಮಾಸ್ತರ್ ಸಾಬ್, ನಿಮ್ಮ ರೂಲು ಇವತ್ತೂ ನಮ್ಮ ಹುಡುಗನ ತಲಿ ಒಡೀತು ನೋಡ್ರಿ" ಎಂದು ನಗುತ್ತಿದ್ದರು. ಅಪ್ಪನೂ ನಗುತ್ತಿದ್ದರು, ನಿಯಮ ಮಾತ್ರ ಬದಲಾಗಲಿಲ್ಲ.

ನಾನು ಕೂಸನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ನಮ್ಮ ಗೀಸರಿನ ಟ್ಯಾಂಕು ಸೋರಿತು. ಅಪ್ಪ ಆ ದಿನವೇ ಐದು ಸ್ಟಾರಿನದನ್ನು ತಂದರು. ಮಿಸ್ತ್ರಿ ಎತ್ತಿ ಹಿಡಿದು ನೋಡಿದ, ಅಡ್ಡ ತಿರುಗಿಸಿ ನೋಡಿದ, ಆಗಲಿಲ್ಲ. ನಮ್ಮ ಬಚ್ಚಲಿನ ಮೇಲೆ ತೊಲೆಯೊಂದು ಅಡ್ಡ ಬಂದಿತ್ತು. ಅವ್ವ ಸೆರಗಿನಲ್ಲಿ ಕೈ ಒರೆಸುತ್ತ, "ಅರ್ಜಿ ಬರೀರಿ ನೀವೂ. ನಿಮಗೇನು ಬ್ಯಾರೆ ಕಾನೂನ ಅದ ಏನು?" ಎಂದಳು.

"ಅರ್ಜಿ ಕೊಡಾವನೂ ನಾನ, ಮಂಜೂರು ಮಾಡಾವನೂ ನಾನ. ಎದುರಮನಿಯವರಿಗಿ ಯಾವ ಮಾರಿ ತೋರಸ್ಲಿ?" ಎಂದರು ಅಪ್ಪ.

"ಬಾಣಂತಿಗಿ ನೀರು ಬೇಕೋ, ನಿಮ್ಮ ಮಾರಿ ಬೇಕೋ?"

ಅಪ್ಪ ಗೀಸರನ್ನು ಆಟೋದಲ್ಲಿ ಹಾಕಿಕೊಂಡು ಹೋದವರು ಮರುದಿನ ಗ್ಯಾಸ್ ಗೀಸರ್ ಹಿಡಿದುಕೊಂಡು ಬಂದರು. ಗೋಡೆಗೆ ತೂಗುಹಾಕುವ ಚಿಕ್ಕ ಪೆಟ್ಟಿಗೆ ಅದು. ನಳ ತಿರುವಿದರೆ ಸಾಕು, ಟಿಕ್ ಟಿಕ್ ಎಂದು ತಾನೇ ಹೊತ್ತಿಕೊಂಡು ಸುಡುಸುಡು ನೀರು ಬಿಡುತ್ತದೆ. ಸಿಲಿಂಡರ್ ತೀರುವ ತನಕ ನೀರು ಆರುವುದೆಂಬುದಿಲ್ಲ. ಅಪ್ಪನ ಮುಖದಲ್ಲಿ ಕಠಿಣ ಲೆಕ್ಕವೊಂದನ್ನು ಬಿಡಿಸಿದ ಗೆಲುವಿತ್ತು. "ನಿಯಮ ಇರೋದು ಕರೆಂಟಿನ ಗೀಸರಿಗಿ. ಇದು ಕರೆಂಟೇ ತಿನ್ನಂಗಿಲ್ಲ. ಇದಕ ಸ್ಟಾರೂ ಇಲ್ಲ, ಅರ್ಜಿನೂ ಇಲ್ಲ" ಎಂದರು. ಅಂದೇ ಕಮಲಾಪುರಕ್ಕೂ ಫೋನು ಮಾಡಿದರು. ನನ್ನ ಗಂಡನ ದೊಡ್ಡಪ್ಪನ ಮಗಳು ಮಹಾದೇವಿಗೂ ಅದೇ ದಿನಗಳಲ್ಲಿ ಹೆರಿಗೆ ಆಗುವುದಿತ್ತು, ಅವಳೂ ತವರಿಗೆ ಬಂದಿದ್ದಳು. "ದೊಡ್ಡ ಬೀಗರೇ, ನಿಮ್ಮಲ್ಲಿ ಮುಂಜಾನಿ ಕರೆಂಟ್ ಇರಂಗಿಲ್ಲ, ಕಟ್ಟಿಗಿ ಹೊಗಿ ಬ್ಯಾರೆ. ಇದೇ ತರಸ್ರಿ" ಎಂದು ಆ ಮನೆಯ ಯಜಮಾನರಿಗೆ ಅಪ್ಪ ಒತ್ತಿ ಹೇಳಿದ್ದು ನನಗೆ ಮಲಗಿದಲ್ಲಿಗೇ ಕೇಳಿಸಿತ್ತು.

ಗೀಸರ್ ಕೂಡಿಸಿದ ಮಿಸ್ತ್ರಿ ಹೋಗುವಾಗ ಅಪ್ಪನಿಗೆ ಒಂದು ಮಾತು ಹೇಳಿದ್ದನಂತೆ. "ಮಾಸ್ತರೇ, ಬಚ್ಚಲದ ಕಿಡಕಿ ಮಾತ್ರ ಮುಚ್ಚಬ್ಯಾಡ್ರಿ, ಗಾಳಿ ಆಡಬೇಕು." ಅಪ್ಪ ಹೂಂ ಎಂದು, ಕಿಟಕಿಯ ಗಾಜಿನ ಪಟ್ಟಿಗಳು ತೆರೆದಿರುವುದನ್ನು ನೋಡಿ ಸಮಾಧಾನ ಮಾಡಿಕೊಂಡರು. ಆಮೇಲೆ ಆ ಕಡೆ ಹೋಗಲಿಲ್ಲ. ಬಾಣಂತಿ ಮನೆಗೆ ಬಂದ ದಿನದಿಂದ ನನ್ನ ಕೋಣೆ ಮತ್ತು ಬಚ್ಚಲು ಹೆಂಗಸರ ಪಾಲು, ಅಪ್ಪ ಹಿಂದಿನ ಸಣ್ಣ ಬಚ್ಚಲಿನಲ್ಲಿ ತಣ್ಣೀರು ಸುರಿದುಕೊಳ್ಳುತ್ತಿದ್ದರು. ನನ್ನ ಕೋಣೆಯ ಮುಂದೆ ಹಾಯಬೇಕಾದರೆ ಅಪ್ಪ ದೂರದಿಂದಲೇ ಕೆಮ್ಮುತ್ತಿದ್ದರು. ಬೆಳೆದ ಮಗಳ ಮುಂದೆ ಬಚ್ಚಲು, ಸ್ನಾನ ಎಂಬ ಮಾತನ್ನು ತಂದೆಯಾದವನು ತೆಗೆಯುವ ವಾಡಿಕೆ ನಮ್ಮಲ್ಲಿಲ್ಲ. ಅವ್ವನಿಗಾದರೂ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಾಣಂತಿಯ ನೀರಿನ ವಿಷಯದಲ್ಲಿ ಗಂಡಸು ಬಾಯಿ ಹಾಕಿದರೆ ಅವ್ವ ಅವರನ್ನು ಬಿಡುತ್ತಿರಲಿಲ್ಲ. ಅದು ಅಪ್ಪನಿಗೂ ಗೊತ್ತಿತ್ತು.

ಮರುದಿನ ಕಮಲಾಪುರದಿಂದ ಗೌರವ್ವ ಬಂದಿಳಿದಳು. ಊರಿನ ಅರ್ಧ ಬಾಣಂತಿಯರಿಗೆ ನೀರು ಹಾಕಿದ ಕೈ ಅವಳದು. ಪ್ಯಾಟಿಯ ಬಾಣಂತನದ ಮೇಲೆ ನಮ್ಮ ಅತ್ತೆಗೆ ನಂಬಿಕೆಯಿರಲಿಲ್ಲ, ಅದಕ್ಕೇ ಅವಳನ್ನು ಕಳಿಸಿದ್ದರು. ಗೌರವ್ವ ಬಚ್ಚಲಿಗೆ ಕಾಲಿಟ್ಟವಳೇ ಸೊಂಟದ ಮೇಲೆ ಕೈಯಿಟ್ಟು, "ಅಯ್ಯ ಶಿವನೇ! ಬಾಣಂತಿ ಬಚ್ಚಲಕ ಇಷ್ಟು ದೊಡ್ಡ ಕಿಡಕಿ? ಹಸಿಮೈಗಿ ಗಾಳಿ ಬಡದ್ರ ಮುಗೀತು ಕಥಿ" ಎಂದಳು. ಅವ್ವ ಗಾಜಿನ ಪಟ್ಟಿಗಳನ್ನು ಮುಚ್ಚಿದಳು. ಗೌರವ್ವ ಅದರ ಮೇಲೊಂದು ಗೋಣಿಚೀಲ ತುರುಕಿದಳು. ಬಾಗಿಲ ಕೆಳಗಿನ ಸಂದಿಗೆ ಹಳೇ ಸೀರೆ ಮಡಚಿ ಒತ್ತಿದರು.

ಹೀಗೆ ಒಂದೇ ಮನೆಯಲ್ಲಿ, ಆ ಕಿಟಕಿ ತೆರೆದಿರಬೇಕೆಂದು ಒಬ್ಬರಿಗೆ ಗೊತ್ತಿತ್ತು, ಮುಚ್ಚಿರಬೇಕೆಂದು ಇಬ್ಬರಿಗೆ ಗೊತ್ತಿತ್ತು, ಮಾತು ಮಾತ್ರ ಆಗಲಿಲ್ಲ. ಆ ಸಣ್ಣ ಮನೆಯಲ್ಲಿ ಒಬ್ಬರು ನಿಟ್ಟುಸಿರು ಬಿಟ್ಟರೆ ಇನ್ನೊಬ್ಬರಿಗೆ ಕೇಳುತ್ತಿತ್ತು. ಇದು ಹೇಗೆ ಸಾಧ್ಯವಾಯಿತೆಂದು ನಾನು ಎಷ್ಟು ಸಲ ಯೋಚಿಸಿದರೂ ನನಗೆ ನಂಬಲಾಗುವುದಿಲ್ಲ.

ಬಾಣಂತಿ ಸ್ನಾನವೆಂದರೆ ಎರಡು ತಂಬಿಗೆ ನೀರಿನ ಕೆಲಸವಲ್ಲ. ಮೊದಲು ಕೂಸನ್ನು ಗೌರವ್ವ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ, ತಂಬಿಗೆ ಮೇಲೆ ತಂಬಿಗೆ ಸುರಿದು, ಸುತ್ತಿ ಅವ್ವನ ಕೈಗೆ ಕೊಡಬೇಕು. ಅವ್ವ ಹೊರಗೆ ಲೋಬಾನದ ಹೊಗೆ ಹಾಕಬೇಕು. ಆಮೇಲೆ ಬಾಗಿಲ ಅಗುಳಿ ಹಾಕಿ ನನ್ನ ಸರದಿ. ಬೆನ್ನಿಗೆ ಬೊಬ್ಬೆ ಬರುವಂಥ ನೀರು, ಕೊಡಗಟ್ಟಲೆ. ಗೌರವ್ವ ಸುರಿದಳೆಂದರೆ ಸುರಿದಳು. ಗ್ಯಾಸ್ ಗೀಸರ್ ಮುಕ್ಕಾಲು ತಾಸು ಬುಸುಗುಡುತ್ತ ಉರಿಯುತ್ತಿತ್ತು. "ಕಮಲಾಪುರದ ತಾಮ್ರದ ಬಂಬದಾಗೂ ಇಷ್ಟು ನೀರು ಕಾಯಂಗಿಲ್ಲ ನೋಡವ್ವ" ಎಂದು ಗೌರವ್ವ ಹೊಗಳಿದಳು. ಅಲ್ಲಿಯ ಕಟ್ಟಿಗೆ ಉರಿಸಿ ನೀರು ಕಾಯಿಸುವ ಬಂಬಕ್ಕೆ ಹೊಗೆ ಹೋಗುವ ಕೊಳವೆ ಇತ್ತು, ಬಚ್ಚಲಿನ ತಗಡಿನ ಮಾಡಿಗೆ ಕೈ ತೂರುವಷ್ಟು ಸಂದಿಗಳಿದ್ದವು. ಅಲ್ಲಿ ಕಿಟಕಿ ಮುಚ್ಚಿದರೂ ನಡೆಯುತ್ತಿತ್ತು, ಇಲ್ಲಿ ನಡೆಯದು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಮೊದಲ ದಿನವೇ ಸ್ನಾನ ಮುಗಿಸಿ ಬಂದಾಗ ನನ್ನ ತಲೆ ಸಿಡಿಯುತ್ತಿತ್ತು. ಅವ್ವ ಗಾಬರಿಯಾಗಿ ಗೌರವ್ವನ ಮುಖ ನೋಡಿದಳು. "ಗಾಳಿ ಹೊಕ್ಕದ. ಎಲ್ಲೋ ಸಂದಿ ಉಳದದ" ಎಂದಳು ಗೌರವ್ವ. ಮರುದಿನ ಗೋಣಿಚೀಲದ ಮೇಲೆ ಕೌದಿಯ ತುಂಡೊಂದು ಬಂತು. ಅಂದು ತಲೆನೋವಿನ ಜೊತೆ ವಾಂತಿಯಾಯಿತು. "ನೋಡ್ದಿ? ಇನ್ನೂ ಬರಾಕತ್ತದ ಗಾಳಿ." ಮೇಲೆ ಎಕ್ಸಾಸ್ಟ್ ಫ್ಯಾನಿಗೆಂದು ಬಿಟ್ಟಿದ್ದ ದುಂಡನೆಯ ತೂತಿಗೂ ದಿಂಬು ತುಂಬಿದರು. ನನಗೆ ನೋವು ಹೆಚ್ಚಾದಷ್ಟೂ ಅವರು ಬಚ್ಚಲನ್ನು ಬಿಗಿ ಮಾಡಿದರು. ಬಿಗಿಯಾದಷ್ಟೂ ನೋವು ಹೆಚ್ಚಾಯಿತು. ಇಷ್ಟು ಪ್ರೀತಿಯಿಂದ, ಇಷ್ಟು ಕಾಳಜಿಯಿಂದ ಯಾರಾದರೂ ಯಾರನ್ನಾದರೂ ಸಾವಿನ ಕಡೆ ದೂಡಿದ್ದುಂಟೆ? ಅವ್ವ ದಿಂಬು ತುಂಬುವಾಗ ಸ್ಟೂಲಿನ ಮೇಲೆ ನಿಂತು ಮೊಣಕಾಲು ನೋಯಿಸಿಕೊಂಡಿದ್ದಳು.

ಇನ್ನು ಕೂಸು. ಹುಟ್ಟಿದಾಗಿನಿಂದ ರಚ್ಚೆ ಹಿಡಿದು ಕಟ್ಟಡವನ್ನೇ ಎಬ್ಬಿಸುತ್ತಿದ್ದವಳು ಆ ವಾರ ಸ್ನಾನವಾದ ಮೇಲೆ ಗಪ್ಪಾಗಿ ಮಲಗತೊಡಗಿದಳು. ಹಾಲಿಗೂ ಏಳುತ್ತಿರಲಿಲ್ಲ. ತುಟಿ ಕೆಂಪಗೆ, ಗಲ್ಲ ಕೆಂಪಗೆ. "ಗೌರವ್ವನ ಕೈಗುಣ" ಎಂದಳು ಅವ್ವ. ಮುಖ ನೋಡಲು ಬಂದ ನೆಂಟರ ಮುಂದೆ "ಎಷ್ಟು ಶಾಣ್ಯಾ ಕೂಸು ನೋಡ್ರಿ, ಅಳಂಗೇ ಇಲ್ಲ" ಎಂದು ಹೇಳಿಕೊಂಡಳು. ನಾನೂ ಖುಷಿಪಟ್ಟೆ, ನನಗೂ ನಿದ್ದೆ ಬೇಕಾಗಿತ್ತು.

ಆ ದಿನ ಥಂಡಿ ಹೆಚ್ಚಿತ್ತು. ಕೂಸಿನ ಸ್ನಾನ ಮುಗಿದು ಅವ್ವ ಅವಳನ್ನು ಹೊರಗೆ ಒಯ್ದಿದ್ದಳು. ಗೀಸರಿನ ಸಣ್ಣ ಕಿಂಡಿಯಲ್ಲಿ ದಿನಾ ನೀಲಿಯಾಗಿ ಕಾಣುತ್ತಿದ್ದ ಉರಿ ಅಂದು ಹಳದಿಯಾಗಿ ನಾಲಿಗೆ ಚಾಚುತ್ತಿತ್ತು. ಗೌರವ್ವ ತನ್ನ ಸೊಸೆಯ ಚಾಡಿ ಹೇಳುತ್ತಿದ್ದವಳು ವಾಕ್ಯದ ನಡುವೆ ನಿಂತಳು. ತಂಬಿಗೆ ನೆಲಕ್ಕೆ ಬಿದ್ದ ಸಪ್ಪಳ ಬಹಳ ದೂರದಿಂದ ಬಂದಂತೆ ಕೇಳಿತು. ಅವಳು ಗೋಡೆಗೆ ಆತು ಕೂತಳು. ಏನಾಯಿತೆಂದು ಕೇಳಬೇಕೆನಿಸಿತು, ನಾಲಿಗೆ ಏಳಲಿಲ್ಲ. ನನಗೆ ಹೆದರಿಕೆಯೇ ಆಗಲಿಲ್ಲ ಎನ್ನುವುದು ಇವತ್ತಿಗೂ ನನ್ನನ್ನು ಹೆದರಿಸುತ್ತದೆ. ಆಹಾ, ಎಂಥ ನಿದ್ದೆ ಬರುತ್ತಿದೆ ಎಂದುಕೊಂಡೆ. ಅಷ್ಟೇ ನೆನಪು.

ಉಳಿದದ್ದು ಅವರಿವರು ಹೇಳಿದ್ದು. ಕೂಸಿಗೆ ಹೊಗೆ ಹಾಕಿ ಮುಗಿಸಿದ ಅವ್ವ ಬಾಗಿಲು ಬಡಿದಿದ್ದಾಳೆ. ಒಳಗೆ ನೀರು ಸುರಿಯುವ ಸದ್ದು, ಮಾತಿಲ್ಲ. ಅವ್ವನ ಕಿರುಚಾಟಕ್ಕೆ ಅಪ್ಪ ಓಡಿಬಂದು ಭುಜದಿಂದ ಗುದ್ದಿ ಅಗುಳಿ ಕಿತ್ತಿದ್ದಾರೆ. ಬಾಗಿಲು ತೆರೆದ ಕೂಡಲೇ ಅಪ್ಪ ಮಾಡಿದ್ದೇನು ಗೊತ್ತೆ? ಮುಖ ತಿರುಗಿಸಿ ಗೋಡೆಯ ಕಡೆ ನಿಂತರು. ಒಳಗೆ ಮಗಳು ಮೈಮೇಲೆ ಬಟ್ಟೆಯಿಲ್ಲದೆ ಬಿದ್ದಿದ್ದಾಳೆ, ತಾನು ನೋಡಬಾರದು ಎಂದು. ಅವ್ವನಿಗೆ ಒಬ್ಬಳಿಗೇ ನನ್ನನ್ನು ಎಳೆಯಲಾಗಲಿಲ್ಲ. ಗದ್ದಲ ಕೇಳಿ ಎದುರು ಮನೆಯಿಂದ ಬಂದ ಫರ್ಜಾನಾ ಖಾಲಾ, "ಯಾ ಅಲ್ಲಾ! ಮಾಸ್ತರ್ ಸಾಬ್, ಬಾಜೂ ಆಗ್ರಿ!" ಎಂದು ಅವರನ್ನು ನೂಕಿ ಒಳನುಗ್ಗಿ, ತಮ್ಮ ಓಢಣಿಯನ್ನು ನನ್ನ ಮೇಲೆ ಎಸೆದು ಕಂಕುಳಿಗೆ ಕೈ ಹಾಕಿ ಎಳೆದರು. ಆಮೇಲೆ ಮತ್ತೆ ಹೋಗಿ ಗೌರವ್ವನನ್ನು ಎಳೆತಂದರು. ಅವರ ಮಗ ಕಾರು ತೆಗೆದ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಮೂಗಿಗೆ ಆಕ್ಸಿಜನ್ ಇತ್ತು. ಪಕ್ಕದ ಮಂಚದಲ್ಲಿ ಗೌರವ್ವ ನರಳುತ್ತಿದ್ದಳು. ಕಾಲ ಬಳಿ ಅಪ್ಪ, ಅವ್ವ, ಒಬ್ಬ ತರುಣ ಡಾಕ್ಟರ್.

"ಬಚ್ಚಲಕ ಕಿಡಕಿ ಇರಲಿಲ್ಲೇನ್ರಿ?" ಎಂದು ಡಾಕ್ಟರ್ ಕೇಳುತ್ತಿದ್ದರು.

"ಇತ್ತ್ರಿ. ತೆರದೇ ಇತ್ತು" ಎಂದರು ಅಪ್ಪ.

"ಇತ್ತ್ರಿ. ಛಂದಂಗ ಮುಚ್ಚಿದ್ವಿ" ಎಂದಳು ಅವ್ವ, ಅದೇ ಉಸಿರಿನಲ್ಲಿ.

ಇಬ್ಬರೂ ತಿರುಗಿ ಒಬ್ಬರ ಮುಖ ಒಬ್ಬರು ನೋಡಿದರು. ಅವರ ಮದುವೆಯಾಗಿ ಮೂವತ್ತು ವರ್ಷದ ಮೇಲಾಗಿತ್ತು. ಡಾಕ್ಟರ್ ಮೆಲ್ಲಗೆ, "ಕೂಸು ಹೆಂಗದ? ಅದಕ್ಕೂ ಅಲ್ಲೇ ನೀರು ಹಾಕ್ತಿದ್ರಾ?" ಎಂದು ಕೇಳಿದರು. "ಹೌದ್ರಿ. ಭಾಳ ಶಾಣ್ಯಾ ಕೂಸು, ನೀರು ಹಾಕಿದ ಮ್ಯಾಲ ಅಳಂಗೇ..." ಎಂದ ಅವ್ವ ಅಲ್ಲಿಗೇ ನಿಂತಳು. ಆಮೇಲೆ ನೆಲದ ಮೇಲೆ ಕುಸಿದು ಕೂತಳು.

ಕೂಸನ್ನೂ ದಾಖಲು ಮಾಡಿದರು. ಎರಡನೆಯ ದಿನ ವಾರ್ಡು ಹಾರಿಹೋಗುವಂತೆ ಅವಳು ಅತ್ತಾಗ ನಾನು ಅಷ್ಟು ಆನಂದದಿಂದ ಬಿಕ್ಕಿದ್ದು ಜೀವನದಲ್ಲಿ ಬೇರೆ ಇಲ್ಲ. ಸಂಘದವರು ಹಣ್ಣು ಹಿಡಿದು ನೋಡಲು ಬಂದರು. ಅವರಲ್ಲೊಬ್ಬರು ಅಪ್ಪನ ಹೆಗಲ ಮೇಲೆ ಕೈಯಿಟ್ಟು, "ಬ್ಯಾಸರ ಮಾಡ್ಕೋಬ್ಯಾಡ್ರಿ ಸರ್. ನೀವು ನಿಯಮ ಮೀರಿಲ್ಲ. ನಿಯಮದಾಗ ಗ್ಯಾಸಿಂದು ಇರಲೇ ಇಲ್ಲಲ್ಲ" ಎಂದು ಸಮಾಧಾನ ಹೇಳಿದರು. ಅಪ್ಪ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ ಹೊರಗೆ ಹೋದರು. ಮರುದಿನ ಗ್ಯಾಸ್ ಗೀಸರನ್ನು ತಾವೇ ಕಿತ್ತು, ಫರ್ಜಾನಾ ಖಾಲಾ ಅವರಿಗೆ ಹೇಳಿ, ತಮ್ಮ ಅರ್ಜಿಯನ್ನು ತಾವೇ ಬರೆದು ಸಭೆಯ ಮುಂದಿಟ್ಟು ಸಣ್ಣ ಗೀಸರ್ ಹಾಕಿಸಿದರು. ಮೊದಲು ಕೈ ಎತ್ತಿದವರು ಖಾಲಾ. ನಿಯಮಕ್ಕೆ ಗ್ಯಾಸಿನ ಸಾಲೂ ಆಮೇಲೆ ಸೇರಿತು. ಕಮಲಾಪುರದ ದೊಡ್ಡ ಬೀಗರಿಗೂ ಅಪ್ಪ ಫೋನು ಮಾಡಿ, "ಕಿಡಕಿ ತೆರದಿಡ್ರಿ, ಮರೀಬ್ಯಾಡ್ರಿ" ಎಂದರು. ಅವರು "ಹೂಂ ಹೂಂ, ಆಯ್ತ್ರಿ" ಎಂದಿದ್ದರಂತೆ.

ಗೌರವ್ವ ಗುಣವಾಗಿ ಊರಿಗೆ ಹೋದಳು. ತವರಲ್ಲಿ ಆಗಬೇಕಿದ್ದ ಕೂಸಿನ ತೊಟ್ಟಿಲ ಕಾರ್ಯವನ್ನು ಅತ್ತೆ ಹಟ ಹಿಡಿದು ಕಮಲಾಪುರದಲ್ಲೇ ಇಟ್ಟುಕೊಂಡರು. ನಾವು ಹೋದಾಗ ದಾರಿಯುದ್ದಕ್ಕೂ ತೊಗರಿ ಕೊಯ್ದು ಕಟ್ಟು ಹಾಕಿದ್ದರು, ಗಾಳಿ ಇನ್ನೂ ಚುರುಕಾಗಿಯೇ ಇತ್ತು. ಮನೆಯ ಮುಂದೆ ಪೆಂಡಾಲು, ಅಲ್ಲಿ ಗಂಡಸರು. ಒಳಗೆ ಪಡಸಾಲೆಯ ತುಂಬ ಹೆಂಗಸರು, ನಡುವೆ ತೊಟ್ಟಿಲು, ಪಕ್ಕದಲ್ಲಿ ತಲೆ ತುಂಬ ಸೆರಗು ಬಿಗಿದುಕೊಂಡು ನಾನು.

ಬಂದವರೆಲ್ಲ ಕೂಸಿನ ದೃಷ್ಟಿ ತೆಗೆದು ನನ್ನ ಗಲ್ಲ ಸವರುತ್ತಿದ್ದರು. "ಗಾಳಿ ಬಡದು ಸತ್ತು ಬದುಕಿದಿ ನಮ್ಮವ್ವ" ಎಂದರು ಒಬ್ಬರು. ನನಗೆ ಅರ್ಥವಾಗಲಿಲ್ಲ. "ಪ್ಯಾಟಿಯವರಿಗಿ ಎಲ್ಲಿ ತಿಳೀಬೇಕು? ಬಾಣಂತಿ ಮೈ ಮ್ಯಾಲ ನೀರಿರೋವಾಗ ಬಾಗಲಾ ಮುರದು ಗಾಳಿ ಬಿಟ್ರಂತ. ಗೌರವ್ವ ಪಾಪ, ಆಕಿಗೂ ಬಡೀತಂತ" ಎಂದರು ಇನ್ನೊಬ್ಬರು. ನಡೆದದ್ದೇ ತಲೆಕೆಳಗಾಗಿ ನಿಂತಿತ್ತು. ನಮ್ಮನ್ನು ಉಳಿಸಿದ ಗಾಳಿಯೇ ನಮ್ಮನ್ನು ಕೆಡವಿತು ಎಂದು ಇಡೀ ಊರು ನಂಬಿತ್ತು. ಗೌರವ್ವ ಸುಳ್ಳು ಹೇಳಿರಲಿಲ್ಲ, ಅವಳಿಗೆ ಹಾಗೆಯೇ ಅನಿಸಿತ್ತು. ಎಚ್ಚರವಾದಾಗ ಅವಳಿಗೆ ಮೊದಲು ತಿಳಿದದ್ದು ಮೈಗೆ ತಾಕಿದ ಚಳಿ.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ದೊಡ್ಡತ್ತೆ ಬಂದರು. ಅಪ್ಪ ಫೋನು ಮಾಡಿದ್ದ ದೊಡ್ಡ ಬೀಗರ ಹೆಂಡತಿ, ಮಹಾದೇವಿಯ ತಾಯಿ ಅವರು. ಅವರ ಮನೆ ನಮ್ಮ ಹಿತ್ತಲಿಗೆ ಹತ್ತಿಯೇ ಇದೆ. ಮಹಾದೇವಿಗೆ ಹೆರಿಗೆಯಾಗಿ ಹೆಚ್ಚು ದಿನವಾಗಿರಲಿಲ್ಲ.

"ತಡಾ ಆಯ್ತವ್ವ, ಸಿಟ್ಟಾಗಬ್ಯಾಡ" ಎಂದರು ನನ್ನ ಪಕ್ಕ ಕೂರುತ್ತ. "ಕೂಸಿಗಿ ಹಾಕಿ ಮಲಗಿಸಿ, ಗೌರವ್ವ ಈಗ ಮಾದೇವಿಗಿ ನೀರು ಹಾಕಾಕತ್ಯಾಳ. ನಿಮ್ಮಪ್ಪ ಹೇಳಿದ್ದೇ ಗ್ಯಾಸಿನ ಬಂಬ ತಂದೀವಿ, ಭಾಳ ಛಂದ ಅದ. ನಮ್ಮದು ನೋಡಿ ಓಣ್ಯಾಗ ಇನ್ನೂ ಎರಡು ಮನಿಯವರು ತರಸ್ಯಾರ. ನಿನಗ ಆದಂಗ ಆಗಬಾರದಂತ ನಾವು ಜ್ವಾಕಿ ಮಾಡೀವಿ ನೋಡು. ಕಿಡಕಿಗಿ ಹಲಗಿ ಬಡಸಿ, ಸಂದಿಗೆಲ್ಲಾ ಮಣ್ಣು ಮೆತ್ತೀವಿ."

ನಾನು ಎದ್ದು ನಿಂತೆ. ಅಪ್ಪ ಫೋನಿನಲ್ಲಿ ಹೇಳಿದ ಕಿಟಕಿಯ ಮಾತನ್ನು ದೊಡ್ಡಮಾವ ಹೆಂಡತಿಗೆ ಹೇಳಿಲ್ಲ. ನಮ್ಮ ಮನೆಯಲ್ಲಿ ಆದದ್ದೇ ಇಲ್ಲೂ ಆಗಿದೆ, ಆಗುತ್ತಿದೆ, ಗೋಡೆಯಾಚೆ, ಈಗ. "ಅಪ್ಪಾ!" ಎಂದು ಚೀರಿದೆ. ಬಾಣಂತಿ ಹಾಗೆ ಚೀರಿದ್ದನ್ನು ಕಂಡು ಹೆಂಗಸರೆಲ್ಲ ನನ್ನ ಕೈ ಹಿಡಿದು ಕೂರಿಸಲು ನೋಡಿದರು. ಪೆಂಡಾಲಿನಲ್ಲಿ ಕೂತಿದ್ದ ಅಪ್ಪ ಪಡಸಾಲೆಯ ಹೊಸ್ತಿಲಿಗೆ ಬಂದು ನಿಂತರು.

"ಅಪ್ಪ, ಮಾದೇವಿ ಬಚ್ಚಲದಾಗಿದ್ದಾಳ. ಕಿಡಕಿ ಮುಚ್ಯಾರ."

ಅಪ್ಪ ಇನ್ನೊಂದು ಮಾತು ಕೇಳಲಿಲ್ಲ. ಹೆಂಗಸರ ನಡುವೆಯೇ, ಆರತಿ ತಟ್ಟೆ ಒದ್ದುಕೊಂಡು, ತೊಟ್ಟಿಲು ದಾಟಿ ಹಿತ್ತಲಿಗೆ ಓಡಿದರು. ಪೆಂಡಾಲಿನ ಕಂಬಗಳಿಗೆ ಗುಣಿ ತೋಡಿದ ಹಾರೆ ಗೋಡೆಗೆ ಒರಗಿತ್ತು. ಅದನ್ನೆತ್ತಿ ದೊಡ್ಡಮಾವನ ಬಚ್ಚಲಿನ ಕಿಟಕಿಯ ಹಲಗೆಗೆ ಹೊಡೆದರು. ನಾನು ಹಿಂದೆಯೇ ಓಡಿದೆ. ಗಂಡಸರು ಓಡಿಬಂದು "ಮಾಸ್ತರೇ, ಬಾಣಂತಿ ಬಚ್ಚಲ ಅದು! ತಲಿ ಕೆಟ್ಟದೇನ್ರಿ ನಿಮಗ?" ಎಂದು ಕೂಗುತ್ತಿದ್ದರು. ಒಬ್ಬರು ಅವರ ಅಂಗಿ ಹಿಡಿದು ಎಳೆದರು, ಅಂಗಿ ಹರಿಯಿತು. ಹಲಗೆ ಸೀಳಿ ಒಳಗೆ ಬಿತ್ತು. ಬೆತ್ತಲೆ ಮೈಯ ಹೆಂಗಸು ಇರುವ ಬಚ್ಚಲಿನ ಕಿಟಕಿ ಒಡೆದರೂ ಒಳಗಿನಿಂದ ಒಂದು ಕೂಗೂ ಬರಲಿಲ್ಲ. ಆಗ ಅಂಗಿ ಹಿಡಿದವರು ಕೈ ಬಿಟ್ಟರು.

ಅಪ್ಪ ಬಾಗಿಲು ಒದ್ದರು, ಒಳಗೆ ಹೋದರು. ಈ ಸಲ ಮುಖ ತಿರುಗಿಸಲಿಲ್ಲ. ಮೂಲೆಯಲ್ಲಿದ್ದ ಸೀರೆಯಲ್ಲಿ ಮಹಾದೇವಿಯನ್ನು ಸುತ್ತಿ, ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಬಯಲಿನಲ್ಲಿ, ಗಾಳಿಗೆ ಮುಖ ಮಾಡಿ ಮಲಗಿಸಿದರು. ನನ್ನ ಗಂಡ ಗೌರವ್ವನನ್ನು ಎಳೆದು ತಂದರು. ಗೌರವ್ವ ಕಾರಿಕೊಂಡು ಕೆಮ್ಮಿದಳು. ಮಹಾದೇವಿಗೆ ಕಣ್ಣು ಬಿಡಲು ಬಹಳ ಹೊತ್ತು ಹಿಡಿಯಿತು. ಆ ಹೊತ್ತನ್ನು ನಾನು ವರ್ಣಿಸಲಾರೆ. ಕಡೆಗೆ ರೆಪ್ಪೆ ಅಲುಗಿತು, "ಥಂಡಿ ಹತ್ತತದ" ಎಂದಳು. ದೊಡ್ಡತ್ತೆ ಕಂಬಳಿ ತಂದು ತಲೆಯಿಂದ ಕಾಲಿನ ತನಕ ಮುಚ್ಚಲು ಬಾಗಿದರು. ಅಪ್ಪ ಆ ಕಂಬಳಿಯನ್ನು ಅವಳ ಕೊರಳಿನ ತನಕ ಮಾತ್ರ ಎಳೆದು ಅಲ್ಲೇ ಹಿಡಿದುಕೊಂಡರು.

"ಮಾರಿಗಿ ಗಾಳಿ ಬಡೀಲಿ ಬಿಡ್ರಿ" ಎಂದರು.

ಗೌರವ್ವ ಕೂತಲ್ಲಿಂದಲೇ, "ಮತ್ತ ಬಾಗಲಾ ಮುರದ್ರಲ್ರೀ ಮಾಸ್ತರೇ, ಮತ್ತ ಗಾಳಿ ಬಡೀತು" ಎಂದು ಅಳತೊಡಗಿದಳು. ಸುತ್ತ ನಿಂತ ಹೆಂಗಸರು ಹೌದೆಂದು ತಲೆ ಆಡಿಸಿದರು. ಸಾವು ಕಣ್ಣೆದುರಿಗೆ ಬಂದು ಹೋದ ಮೇಲೂ ಆಡಿಸಿದರು! ಅಪ್ಪ ಎದ್ದು ನಿಂತರು. ಹರಿದ ಅಂಗಿ, ಕೈಯಿಂದ ರಕ್ತ ಸೋರುತ್ತಿತ್ತು. ಹೆಂಗಸರ ಕಡೆ ತಿರುಗಿ ಮಾತಾಡಿದರು.

"ಕೇಳ್ರವ್ವ. ಇದು ಗಾಳಿ ಬಡದು ಆಗಿದ್ದಲ್ಲ, ಗಾಳಿ ಇಲ್ಲದ್ದಕ ಆಗಿದ್ದು. ಈ ಗ್ಯಾಸ್ ಉರೀಬೇಕಂದ್ರ ಗಾಳಿ ಬೇಕು. ಬಚ್ಚಲ ಮುಚ್ಚಿದ್ರ ಒಳಗಿನ ಗಾಳಿ ತಿಂದು ವಿಷ ಬಿಡತದ. ವಾಸನಿ ಇಲ್ಲ, ಹೊಗಿ ಇಲ್ಲ, ನಿದ್ದಿ ಬಂದಂಗ ಆಗತದ. ಮೊದಲ ತಲಿ ನೋಯ್ತದ, ಕೂಸು ಅಳೋದು ಬಿಡತದ. ನನಗ ಗೊತ್ತಿತ್ತು. ಮಿಸ್ತ್ರಿ ಹೇಳಿದ್ದ. ನಾ ಹೇಣ್ತಿಗಿ ಹೇಳಲಿಲ್ಲ, ಮಗಳಿಗಿ ಹೇಳಲಿಲ್ಲ. ಹೆಣ್ಮಕ್ಕಳ ಸ್ನಾನದ ಮಾತು ಹೆಂಗ ಆಡಲಿ ಅಂತ ನಾಚಿಕಿ ಬಂತು."

ದೊಡ್ಡಮಾವ ನೆಲ ನೋಡುತ್ತ ನಿಂತಿದ್ದರು. ಆಗ ಹಿಂದೆ ನಿಂತಿದ್ದ ಒಬ್ಬ ಹೆಂಗಸು, ನನಗೆ ಹೆಸರೂ ಗೊತ್ತಿಲ್ಲದವಳು, ಕೈಯಲ್ಲಿದ್ದ ಕುಬಸದ ಬಟ್ಟೆ, ಬಾಳೆಹಣ್ಣು ನೆಲದ ಮೇಲಿಟ್ಟು, "ನಮ್ಮ ಬಾಣಂತಿ ಸೊಸಿ..." ಎಂದು ಅಂದಳೋ ಇಲ್ಲವೋ, ಚಪ್ಪಲಿಯನ್ನೂ ಮೆಟ್ಟದೆ ಓಣಿಯ ಕಡೆ ಓಡಿದಳು. ಅವಳ ಹಿಂದೆ ಇನ್ನೊಬ್ಬಳು ಓಡಿದಳು.